ಬೇರೆ ದೇಶದ ಸಂಸ್ಕೃತಿ ಕಲಿಸುವ ಕಾರ್ಯಕ್ರಮ: ನಮ್ಮೂರಲ್ಲಿ ಇದಕ್ಕೆ ದುಡ್ಡು ಎಲ್ಲಿಂದ, ಜನ ಎಲ್ಲಿಂದ?

ಮಾಳಮಡ್ಡಿ ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಧಾರವಾಡದಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಂದು ಭಾನುವಾರ ಸಂಜೆ ಒಂದು ಕಾರ್ಯಕ್ರಮ ನಡೆಸುತ್ತೇವೆ. ಒಂದು ಸಲಕ್ಕೆ ಒಂದು ದೇಶ, ಇಲ್ಲ ಒಂದು ಜನಾಂಗ. ಅವರ ಊಟ, ಹಾಡು, ಮದುವೆ, ಮಕ್ಕಳ ಆಟ, ಏನಾದರೂ ಒಂದನ್ನು ಹಿಡಿದುಕೊಂಡು ಎರಡು ತಾಸು. ಭಾಷಣ ಕಡಿಮೆ, ಕೈಯಿಂದ ಮಾಡೋದು ಜಾಸ್ತಿ. ಮೂವತ್ತು ನಲವತ್ತು ಮಂದಿ ಬರುತ್ತಾರೆ. ಅರ್ಧ ಮಕ್ಕಳು, ಉಳಿದವರು ನಿವೃತ್ತರು. ನಡು ವಯಸ್ಸಿನವರು ಮಕ್ಕಳನ್ನು ಬಿಟ್ಟು ಹೋಗಲು ಬಾಗಿಲ ತನಕ ಬರುತ್ತಾರೆ, ಅಷ್ಟೇ.

ಇಷ್ಟು ದಿನ ಹಿರಿಯರೊಬ್ಬರು ಖರ್ಚು ನೋಡಿಕೊಳ್ಳುತ್ತಿದ್ದರು. ಅವರು ಈಗ ಪುಣೆಗೆ, ಮಗಳ ಮನೆಗೆ ಹೋದರು. ಹಾಲ್ ಬಾಡಿಗೆ, ಸಾಮಾನು, ಬಂದವರ ಪ್ರಯಾಣ, ಚಹಾ-ಚುರುಮುರಿ ಎಲ್ಲ ಸೇರಿ ತಿಂಗಳಿಗೆ ಆರೇಳು ಸಾವಿರ. ದೊಡ್ಡ ಮೊತ್ತ ಏನಲ್ಲ. ಆದರೆ ಪ್ರತಿ ತಿಂಗಳೂ ಯಾರ ಮುಂದೆ ಅಂತ ಕೈ ಚಾಚೋದು?

ತಿಂಗಳ ಗೋಜು ಬಿಡಿ, ವರ್ಷಕ್ಕೊಂದು ದೊಡ್ಡ ಮೇಳ ಮಾಡಿ ಅಂತ ಒಬ್ಬರು ಹೇಳಿದರು. ಮೇ 21 ವಿಶ್ವಸಂಸ್ಥೆ ಗೊತ್ತು ಮಾಡಿದ ಸಾಂಸ್ಕೃತಿಕ ವೈವಿಧ್ಯದ ದಿನವಂತೆ, ಆ ದಿನ ಮಾಡಿದರೆ ಪ್ರಾಯೋಜಕರು ಸಿಗುತ್ತಾರಂತೆ. ನನಗೆ ಮನಸ್ಸಿಲ್ಲ. ಮೇ ತಿಂಗಳಲ್ಲಿ ಧಾರವಾಡದ ಮಕ್ಕಳೆಲ್ಲ ಅಜ್ಜಿ ಊರಲ್ಲಿರುತ್ತಾರೆ, ಅದು ಬೇರೆ ಮಾತು. ನಿಮಗೇನು ಅನ್ನಿಸುತ್ತೆ?


ದುರ್ಗದಬೈಲ್ ವ್ಯಾಪಾರಿ:

ಟೀಚರ್, ನೇರವಾಗಿ ಹೇಳ್ತೀನಿ, ಸಿಟ್ಟಾಗಬೇಡಿ. ದುಡ್ಡು ಕೊಡುವವನು ಫೋಟೊ ಕೇಳುತ್ತಾನೆ. ಮೂವತ್ತು ಜನ ಚಾಪೆ ಮೇಲೆ ಕೂತ ಫೋಟೊ ಯಾವ ಪ್ರಾಯೋಜಕನಿಗೂ ಬೇಡ. ಮೇಳ ಮಾಡಿ, ಹುಬ್ಬಳ್ಳಿಯ ನಾಲ್ಕು ಅಂಗಡಿಯವರನ್ನು ನಾನೇ ಕೇಳಿ ಕೊಡ್ತೀನಿ.

ಇನ್ನೊಂದು ಮಾತು. ನನ್ನ ಮಗಳು ಕೊರಿಯಾದ ಹಾಡು ಹಾಡುತ್ತಾಳೆ, ಅವರ ತಿಂಡಿಗಳ ಹೆಸರೆಲ್ಲ ಹೇಳುತ್ತಾಳೆ. ಎಲ್ಲಾ ಮೊಬೈಲ್‌ನಲ್ಲೇ ಕಲಿತದ್ದು. ಹಾಲ್ ಬಾಡಿಗೆ ಕೊಟ್ಟು ಕಲಿಸುವಂಥದ್ದು ಇನ್ನೇನು ಉಳಿದಿದೆ?


ಬೆಟಗೇರಿ ಮಗ್ಗ:

ನನ್ನದು ಬೇರೆ ತಕರಾರು. ನಮ್ಮ ಕಡೆ ಗೀಗೀ ಪದ ಹಾಡುವವರು ಎಷ್ಟು ಮಂದಿ ಉಳಿದಿದ್ದಾರೆ ಹೇಳಿ. ಲಂಬಾಣಿ ತಾಂಡಾದಲ್ಲಿ ಕನ್ನಡಿ ಹೊಲಿಯುವ ಅಜ್ಜಿಯರು ಎಷ್ಟು? ಬೆಟಗೇರಿಯಲ್ಲಿ ಮಗ್ಗದ ಸದ್ದು ನನ್ನ ಕಿವಿಗೆ ವರ್ಷ ವರ್ಷ ಕಡಿಮೆಯಾಗುತ್ತಾ ಬಂದಿದೆ. ಮನೆಯದು ಮುಳುಗುವಾಗ ಜಪಾನಿನ ಚಹಾ ಕುಡಿಯುವ ಕ್ರಮ ಯಾಕೆ ಬೇಕು? ಮೊದಲು ನಮ್ಮದು, ಆಮೇಲೆ ಲೋಕದ್ದು.


ಮಾಳಮಡ್ಡಿ ಟೀಚರ್:

ಬೆಟಗೇರಿ ಅಣ್ಣಾ, ಮೊದಲು-ಆಮೇಲೆ ಅಂತ ಸಾಲು ಹಚ್ಚಿದರೆ ಆಮೇಲಿನದು ಬರೋದೇ ಇಲ್ಲ. ಮೊದಲಿನದೂ ಆಗೋದಿಲ್ಲ, ಯಾಕಂದರೆ ಹೀಗೆ ಹೇಳುವ ನೂರು ಜನರಲ್ಲಿ ಗೀಗೀ ಪದದವರನ್ನು ಕರೆಸಿ ಕೂರಿಸುವವರು ಒಬ್ಬರೋ ಇಬ್ಬರೋ. ನೀವು ಆ ಒಬ್ಬರೇ ಇರಬಹುದು, ನಿಮಗೆ ಹೇಳಿದ್ದಲ್ಲ.


ಕಸೂತಿ ಕೆಲಸ:

ಟೀಚರ್ ನನ್ನನ್ನು ಒಂದು ಸಲ ಕರೆದಿದ್ದರು. ಅವತ್ತಿನದನ್ನು ಬರೆಯುತ್ತೇನೆ. ಬೆಟಗೇರಿಯವರ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತೆ.

ಅವತ್ತು ಪ್ಯಾಲೆಸ್ಟೀನಿನ ಕಸೂತಿ, ತತ್ರೀಝ್. ಯುನೆಸ್ಕೊ 2021ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ ಕಲೆ. ಕಪ್ಪು ಬಟ್ಟೆ, ಕೆಂಪು ದಾರ, ಅಡ್ಡ ಹೊಲಿಗೆ. ಹಿಂದೆಲ್ಲ ಹೆಂಗಸಿನ ಎದೆ ಮೇಲಿನ ಚಿತ್ತಾರ ನೋಡಿ ಯಾವ ಊರಿನವಳು ಅಂತ ಹೇಳುತ್ತಿದ್ದರಂತೆ. ನಾನು ಪಕ್ಕದಲ್ಲಿ ನನ್ನ ಅತ್ತೆಯ ಚಂದ್ರಕಾಳಿ ಸೀರೆ ಹರವಿದೆ. ಅದೂ ಕಪ್ಪು. ಅದರಲ್ಲಿ ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ. ಎರಡರಲ್ಲೂ ಬಟ್ಟೆ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟ.

ಆಮೇಲೆ ಇನ್ನೊಂದು ಚಿತ್ರ ತೋರಿಸಿದರು. ಇಂಗ್ಲೆಂಡಿನ ರಾಣಿ ಜೇನ್ ಸೆಮೋರ್. ಹಾನ್ಸ್ ಹೋಲ್ಬೈನ್ ಅನ್ನೋ ಚಿತ್ರಕಾರ 1536ರ ಸುಮಾರಿಗೆ ಬರೆದದ್ದು. ದೊಡ್ಡದು ಮಾಡಿ ಅವಳ ತೋಳಿನ ಅಂಚು ತೋರಿಸಿದಾಗ ಹಿಂದಿನ ಸಾಲಿನ ಹುಡುಗಿ ಒಬ್ಬಳು "ಅಯ್ಯ, ಗಾವಂತಿ!" ಅಂದಳು. ಹೌದು, ನಮ್ಮ ಕಸೂತಿಯ ಗಾವಂತಿ ಹೊಲಿಗೆಯೇ. ಒಂದು ಎಳೆ ಬಿಟ್ಟು ಒಂದು ಎಳೆ ಹೊಲಿಯುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ಬಿಟ್ಟದ್ದನ್ನು ತುಂಬೋದು. ಗಂಟು ಇಲ್ಲ. ಮೇಲೂ ಕೆಳಗೂ ಒಂದೇ ತರಹ ಕಾಣುತ್ತದೆ. ಅವರು ಅದನ್ನು ಆ ಚಿತ್ರಕಾರನ ಹೆಸರಿನಲ್ಲಿ ಹೋಲ್ಬೈನ್ ಹೊಲಿಗೆ ಅಂತಲೇ ಕರೆಯುತ್ತಾರೆ.   

ಮುಂದಿನ ವಾರದಿಂದ ನಾಲ್ಕು ಹುಡುಗಿಯರು ನನ್ನ ಮನೆಗೆ ಬಂದು ಗಾವಂತಿ, ಮುರಗಿ, ನೇಗಿ, ಮೆಂತ್ಯ ನಾಲ್ಕೂ ಹೊಲಿಗೆ ಕಲಿತರು. ಅವರ ಅಜ್ಜಿಯರ ಪೆಟ್ಟಿಗೆಯಲ್ಲಿ ಕಸೂತಿ ಸೀರೆ ಮೊದಲಿನಿಂದಲೂ ಇತ್ತು. ನೋಡಿರಲಿಲ್ಲ ಅಷ್ಟೇ. ರಾಣಿಯ ತೋಳಲ್ಲಿ ನೋಡಿದ ಮೇಲೆ ಪೆಟ್ಟಿಗೆ ತೆಗೆದರು.


ದುರ್ಗದಬೈಲ್ ವ್ಯಾಪಾರಿ:

ಅಕ್ಕಾ, ಇದು ಚೆನ್ನಾಗಿದೆ. ಆ ನಾಲ್ಕು ಹುಡುಗಿಯರ ಕೆಲಸದ ಫೋಟೊ ಇದ್ದರೆ ಹಾಕಿ.


ಬೀಜ ಗೊಬ್ಬರ:

ವ್ಯಾಪಾರಿ ಅಣ್ಣನ ಮೊಬೈಲ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ನಾನು ಕೃಷಿ ಓದಿದವನು. ಹಾಸ್ಟೆಲಿನಲ್ಲಿ ಸುಡಾನ್ ದೇಶದ ಒಬ್ಬ ಗೆಳೆಯ ಇದ್ದ. ಅವನನ್ನು ಟೀಚರ್ ಕಾರ್ಯಕ್ರಮಕ್ಕೆ ಕರೆದುಕೊಂಡು ಬಂದದ್ದು ನಾನೇ.

ನಮ್ಮ ಬಿಳಿಜೋಳ ಇದೆಯಲ್ಲ, ಅದರ ಮೂಲ ಆಫ್ರಿಕಾ. ಈಗಿನ ಸುಡಾನಿನ ಪೂರ್ವ ಭಾಗದಲ್ಲಿ 5 ಸಾವಿರ ವರ್ಷಗಳ ಹಿಂದೆಯೇ ಜೋಳ ಬೆಳೆಯುತ್ತಿದ್ದ ಕುರುಹು ಸಿಕ್ಕಿದೆ. ಅಲ್ಲಿಂದ ನಮ್ಮ ಕಡೆ ಬಂತು. ನಾವು ಅದನ್ನು ಬಿಸಿ ನೀರಲ್ಲಿ ಕಲಸಿ ತಟ್ಟಿದೆವು, ರೊಟ್ಟಿ ಆಯಿತು. ಅವರು ಹಿಟ್ಟನ್ನು ರಾತ್ರಿ ನೆನೆಸಿ ಹುಳಿ ಬರಿಸಿ, ನಮ್ಮ ನೀರುದೋಸೆಗಿಂತ ತೆಳ್ಳಗೆ ಹಂಚಿನ ಮೇಲೆ ಸವರುತ್ತಾರೆ. ಅದು ಕಿಸ್ರಾ. ಅದಕ್ಕೆ ಜೋಡಿ ಮುಲ್ಲಾಹ್ ಅನ್ನುವ ಗಟ್ಟಿ ಸಾರು. ಒಣಗಿಸಿದ ಬೆಂಡೆಕಾಯಿ ಪುಡಿ ಹಾಕಿ ಮಾಡುತ್ತಾರೆ, ಲೋಳೆ ಲೋಳೆಯಾಗಿರುತ್ತದೆ.

ಅವತ್ತು ಅವನು ಹಿಟ್ಟು ಸವರಿದ. ಹರಿಯಿತು. ಮತ್ತೆ ಸವರಿದ, ಮತ್ತೆ ಹರಿಯಿತು. ಊರಲ್ಲಿ ತಾಯಿ ಮಾಡುವುದನ್ನು ನೋಡಿದ್ದನೇ ಹೊರತು ಅವನು ಕೈ ಹಾಕಿದವನಲ್ಲ. ಮುಂದೆ ಕೂತಿದ್ದ ಒಬ್ಬ ಅಜ್ಜಿ ಸೆರಗು ಸಿಗಿಸಿ ಎದ್ದರು. ಬಟ್ಟಲಲ್ಲಿ ಬೆರಳು ಅದ್ದಿ ನೋಡಿ, "ತಮ್ಮಾ, ಹಿಟ್ಟು ಹಳೇದು, ಜಿಗಟು ಹೋಗಿದೆ" ಅಂದರು. ಬೇರೆ ಹಿಟ್ಟು ತರಿಸಿದರು. ಹಂಚಿನ ಉರಿ ಇಳಿಸಿದರು. ಮೂರನೆಯದು ಹಾಳೆಯ ಹಾಗೆ ಎದ್ದು ಬಂತು. ಅವನು ಒಂದು ತುಂಡು ಬಾಯಿಗಿಟ್ಟು, ಹುಳಿ ಸಾಲದು, ಆದರೆ ಇದೇ ಅಂದ. 2023ರ ಏಪ್ರಿಲ್‌ನಲ್ಲಿ ಅವನ ದೇಶದಲ್ಲಿ ಯುದ್ಧ ಶುರುವಾದಾಗ ಅದೇ ಅಜ್ಜಿ ನನಗೆ ಫೋನ್ ಮಾಡಿ ಆ ಹುಡುಗನ ಮನೆಯವರು ಹೇಗಿದ್ದಾರೆ ಅಂತ ಕೇಳಿದರು. ಖಾರ್ಟೂಮ್ ಎಲ್ಲಿದೆ ಅಂತ ಅವರಿಗೆ ಈಗಲೂ ಗೊತ್ತಿಲ್ಲ, ಗೊತ್ತಿರಬೇಕಂತಲೂ ಇಲ್ಲ.

ಮೊಬೈಲ್‌ನಲ್ಲಿ ಹುಡುಗಿ ಕೊರಿಯಾ ನೋಡುತ್ತಾಳೆ, ಒಳ್ಳೇದೇ. ಆದರೆ ಕೊರಿಯಾ ಅವಳನ್ನು ನೋಡೋದಿಲ್ಲವಲ್ಲ ಅಣ್ಣಾ.


ಬ್ಯಾಡಗಿ ಖಾರ:

ಹಾವೇರಿ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ಧಾರವಾಡದವರಿಗೆ ಎಲ್ಲವೂ ಧಾರವಾಡದಲ್ಲೇ ಆಗಬೇಕು. ನಮ್ಮ ಹಳ್ಳಿಗಳಿಗೆ ಬರೋದು ಯಾವಾಗ?

ನಮ್ಮಲ್ಲೂ ವಿಷಯಕ್ಕೆ ಬರ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ನಮಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಗೋವಿನಜೋಳವೂ ಹಾಗೆಯೇ, ಮೆಕ್ಸಿಕೊದ್ದು. ನಾವು ಲಾರಿಗಟ್ಟಲೆ ಬೆಳೆದು ಕೋಳಿ ಆಹಾರಕ್ಕೆ ಕಳಿಸುತ್ತೇವೆ. ಮೆಕ್ಸಿಕೊದವರು ಅದೇ ಕಾಳನ್ನು ಸುಣ್ಣದ ನೀರಲ್ಲಿ ಕುದಿಸಿ, ಸಿಪ್ಪೆ ತೆಗೆದು, ರುಬ್ಬಿ ರೊಟ್ಟಿ ಮಾಡುತ್ತಾರೆ. ಎಲೆ ಅಡಿಕೆಗೆ ಹಚ್ಚುವಂಥದ್ದೇ ಸುಣ್ಣ. ಸುಮ್ನೆ ಮಾಡೋದಲ್ಲ ಅದು. ಸುಣ್ಣ ಹಾಕಿದರೆ ಮಾತ್ರ ಕಾಳಿನಲ್ಲಿರುವ ಬಿ3 ಜೀವಸತ್ವ ಮೈಗೆ ಹತ್ತುತ್ತದೆ. ಯುರೋಪಿನವರು ಕಾಳು ಮಾತ್ರ ಒಯ್ದರು, ಸುಣ್ಣದ ಪದ್ಧತಿ ಬಿಟ್ಟು ಹೋದರು. ಉತ್ತರ ಇಟಲಿಯಲ್ಲಿ ಅದನ್ನೇ ತಿಂದು ಬದುಕಿದ ಬಡವರಿಗೆ ಆ ಜೀವಸತ್ವದ ಕೊರತೆಯಿಂದ ಪೆಲಾಗ್ರ ರೋಗ ಬಂತು. ಬೇರೆಯವರ ವಸ್ತು ತಗೊಂಡು ಅವರ ತಿಳಿವಳಿಕೆ ಬಿಟ್ಟರೆ ಹೀಗೇ ಆಗೋದು. ನಮ್ಮ ರೈತರಿಗೆ ಇದನ್ನು ಹೇಳಿ, ಬೇಡ ಅನ್ನುತ್ತಾರಾ ನೋಡೋಣ.

ಜಾಗಕ್ಕೆ ಬಾಡಿಗೆಯೂ ಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ. ಮೇಲ್ವಿಚಾರಕರು ಸ್ವಲ್ಪ ಆಸಕ್ತಿ ಇರುವವರಾದರೆ ಜಾಗ ಕೊಡುತ್ತಾರೆ. ಪೇಟೆಯಲ್ಲೂ ಅಷ್ಟೇ, ಆಸ್ತಿ ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಕಟ್ಟುತ್ತೀರಲ್ಲ, ಹೋಗಿ ಕೇಳಿ.


ಕಲಘಟಗಿ ಕಾಡು:

ಒಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಂದು ಕಡೆ, ಊರು ಹೆಸರು ಬೇಡ, ಇಂಥದ್ದೇ ಒಂದು ಉತ್ಸವಕ್ಕೆ ನಮ್ಮ ಸಿದ್ದಿ ಕೇರಿಯವರನ್ನು ಕರೆದಿದ್ದರು. "ಆಫ್ರಿಕಾ ನೃತ್ಯ" ಅಂತ ಬ್ಯಾನರ್. ಸೊಪ್ಪು ಕಟ್ಟಿಕೊಂಡು ಬನ್ನಿ, ಮುಖಕ್ಕೆ ಬಣ್ಣ ಹಚ್ಚಿಕೊಳ್ಳಿ ಅಂದರು. ನಮ್ಮ ಅಕ್ಕಂದಿರು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿದ್ದರು. ಎರಡು ಹಾಡಿಗೆ ನಮ್ಮ ಡೋಲಿನ ಕುಣಿತ ಡಮಾಮಿ ಕುಣಿಸಿ, ಊಟ ಕೊಟ್ಟು ಕಳಿಸಿದರು. ಬಸ್ ಚಾರ್ಜ್ ನಾವೇ ಹಾಕಿಕೊಂಡದ್ದು.

ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು ನಿಜ. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರೂ ಅದರಲ್ಲಿದ್ದರು. ಆದರೆ ತಲೆಮಾರುಗಳಿಂದ ನಾವು ಕಲಘಟಗಿ, ಹಳಿಯಾಳ, ಯಲ್ಲಾಪುರದವರು. ಕನ್ನಡ ಮಾತಾಡುತ್ತೇವೆ, ಮನೆಯಲ್ಲಿ ಕೊಂಕಣಿ ಬೆರೆತ ನಮ್ಮ ಮಾತು. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ನಮ್ಮನ್ನು ಪರದೇಶ ಅಂತ ತೋರಿಸಬೇಡಿ.

ಕಲಿಯಬೇಕು ಅಂದರೆ ನಮ್ಮ ಕವಂಡಿ ಕಲಿಯಿರಿ. ನಿಮ್ಮ ಕೌದಿಯ ಹಾಗೇ ಹಳೇ ಬಟ್ಟೆಯದು. ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಹೊಲಿಯುತ್ತಾ ಒಳಗೆ ಬರಬೇಕು. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂ ಇಡದೆ ಅದು ಮುಗಿದ ಹಾಗಲ್ಲ, ಬೆತ್ತಲೆ ಅನ್ನುತ್ತಾರೆ. ಇದು ಎರಡು ತಾಸಿನಲ್ಲಿ ಆಗೋದಲ್ಲ.


ಮಾಳಮಡ್ಡಿ ಟೀಚರ್:

ತಮ್ಮಾ, ಕಲಿಸುವವರಿಗೆ ದಿನಕ್ಕೆ ಎಷ್ಟು ಕೊಡಬೇಕು ಅಂತ ನಿಮ್ಮ ಅಕ್ಕಂದಿರನ್ನೇ ಕೇಳಿ ಹೇಳು. ನಾವು ದರ ಗೊತ್ತು ಮಾಡೋದು ಬೇಡ. ಬ್ಯಾನರ್ ಮೇಲೆ ಏನು ಬರೆಯಬೇಕು ಅನ್ನೋದೂ ಅವರೇ ಹೇಳಲಿ.


ಉಣಕಲ್ ದಂಡೆ:

ಟಿಬೆಟ್ ವಿಷಯ ಮಾಡುವುದಿದ್ದರೆ ಹಾಲ್ ಬೇಡ, ಒಂದು ಮಿನಿ ಬಸ್ ಸಾಕು. ಹುಬ್ಬಳ್ಳಿಯಿಂದ ತಡಸ ದಾಟಿದರೆ ಮುಂಡಗೋಡ. ಅಲ್ಲಿ 1966ರಿಂದ ನಿರಾಶ್ರಿತರ ಕ್ಯಾಂಪ್ ಇದೆ. ಡ್ರೆಪುಂಗ್, ಗಾಂದೆನ್ ಅಂತ ಲಾಸಾದ ಹತ್ತಿರ ಇದ್ದ ದೊಡ್ಡ ಮಠಗಳೇ ಅಲ್ಲಿಗೆ ಬಂದಿವೆ. ನಾವು ಅಲ್ಲಿಗೆ ಮೊಮೊ ತಿಂದು ಸೆಲ್ಫಿ ತೆಗೆಯಲು ಹೋಗುತ್ತೇವೆ. ಅಂಗಳದಲ್ಲಿ ಹುಡುಗ ಸನ್ಯಾಸಿಗಳು ಜೋರಾಗಿ ಚಪ್ಪಾಳೆ ಹೊಡೆದು, ಕಾಲು ಕುಟ್ಟಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕುವುದನ್ನು ಜಗಳ ಅಂದುಕೊಂಡವರೂ ಇದ್ದಾರೆ. ಅದು ಅವರ ಪಾಠ. ತರ್ಕಶಾಸ್ತ್ರ. ಯಾರಾದರೂ ಕೂತು ವಿವರಿಸಿದರೆ ಅರ್ಧ ದಿನ ಹೇಗೆ ಹೋಯಿತು ಗೊತ್ತಾಗೋದಿಲ್ಲ.

ಒಂದು ಎಚ್ಚರ. ಗುಂಪಿನಲ್ಲಿ ವಿದೇಶಿ ವಿದ್ಯಾರ್ಥಿಗಳಿದ್ದರೆ ಅವರಿಗೆ ಮುಂಡಗೋಡ ಕ್ಯಾಂಪಿಗೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಬಹಳ ಮೊದಲೇ ಅರ್ಜಿ ಹಾಕಬೇಕು. ನಮಗೆ ಆ ಅನುಮತಿ ಬೇಕಾಗಿಲ್ಲ.


ಲೆಕ್ಕದ ಪುಸ್ತಕ:

ದುಡ್ಡಿನ ಮಾತು ಯಾರೂ ಮುಗಿಸಲಿಲ್ಲ. ನನ್ನ ಕಸುಬು ಅದೇ, ಹಾಗಾಗಿ ಹೇಳುತ್ತೇನೆ.

ಕಂಪನಿ ದುಡ್ಡು ಬೇಕು ಅಂದರೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ. 2013ರ ಕಂಪನಿ ಕಾಯ್ದೆ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಅಥವಾ 1000 ಕೋಟಿ ವಹಿವಾಟು, ಇಲ್ಲ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಬೇಕು. ಆದರೆ ಯಾವುದಕ್ಕೆ ಅನ್ನುವ ಪಟ್ಟಿ ಇದೆ. ಅದರಲ್ಲಿ "ರಾಷ್ಟ್ರೀಯ" ಪರಂಪರೆ, ಕಲೆ, ಸಂಸ್ಕೃತಿ ಅಂತ ಇದೆ. ಬೇರೆ ದೇಶದ್ದು ಅಂದರೆ ಕಂಪನಿಯವರು ಹಿಂದೆ ಮುಂದೆ ನೋಡುತ್ತಾರೆ. ಅದೇ ಪಟ್ಟಿಯಲ್ಲಿ ಶಿಕ್ಷಣ ಇದೆ. ಶಾಲಾ ಮಕ್ಕಳಿಗೆ ಕಲಿಸುವ ಕಾರ್ಯಕ್ರಮ ಅಂತ ಅರ್ಜಿ ಬರೆಯಿರಿ. ಹೇಗೂ ನಿಮ್ಮಲ್ಲಿ ಅರ್ಧ ಮಕ್ಕಳೇ, ಸುಳ್ಳೇನೂ ಅಲ್ಲ. ಆದರೆ ನಿಮ್ಮ ಬಳಗ ನೋಂದಣಿ ಆಗಿರಬೇಕು, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, ಸಿಎಸ್‌ಆರ್-1 ಫಾರ್ಮ್ ತುಂಬಿರಬೇಕು. ತಿಂಗಳಿಗೆ ಏಳು ಸಾವಿರದ ಕೆಲಸಕ್ಕೆ ಇಷ್ಟೆಲ್ಲ ಬೇಕಾ ಅಂತ ನೀವೇ ನೋಡಿ. ನನ್ನ ಪ್ರಕಾರ ಬೇಡ.

ಇದಕ್ಕಿಂತ ಮುಖ್ಯವಾದದ್ದು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ವಿದೇಶಿ ದೇಣಿಗೆ ಅಂದರೆ ಡಾಲರ್ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ. ವಿದೇಶಿ ಪ್ರಜೆ ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಬೀಜ ಗೊಬ್ಬರದವರ ಗೆಳೆಯ ಪ್ರೀತಿಯಿಂದ 200 ರೂಪಾಯಿ ಡಬ್ಬಿಗೆ ಹಾಕಿದರೂ, ಆ ಕಾಯ್ದೆಯ ನೋಂದಣಿ ಇಲ್ಲದ ಸಂಘ ಅದನ್ನು ತಗೊಳ್ಳುವ ಹಾಗಿಲ್ಲ. ಅಮೆರಿಕದಲ್ಲಿರುವ ನಿಮ್ಮ ಅಳಿಯನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಅವರು ತಮ್ಮ ಉಳಿತಾಯದಿಂದ ಕೊಡಬಹುದು. ಅಲ್ಲಿಯ ಪೌರತ್ವ ತಗೊಂಡಿದ್ದರೆ ಇಲ್ಲ. ರಾಯಭಾರ ಕಚೇರಿಯ ಹಣವೂ ಹಾಗೆಯೇ.

ಇನ್ನು ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇಲ್ಲಿ ದುಡಿದು ಸಂಪಾದಿಸುವ ಹಾಗಿಲ್ಲ. ಅವರಿಗೆ ಗೌರವಧನದ ಕವರ್ ಕೊಡುವ ಮೊದಲು ಅವರ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ಆಟೋ, ಸಾಮಾನಿನ ಖರ್ಚು ನೀವೇ ನೇರವಾಗಿ ಕೊಟ್ಟುಬಿಡಿ. ನಿಮ್ಮಿಂದ ಆ ಹುಡುಗರಿಗೆ ತೊಂದರೆ ಆಗಬಾರದು.


ದುರ್ಗದಬೈಲ್ ವ್ಯಾಪಾರಿ:

ಇಷ್ಟೆಲ್ಲ ಇದ್ದರೆ ನಮ್ಮ ಓಣಿ ಗಣಪತಿ ಪಟ್ಟಿಯೇ ಸುಲಭ ಬಿಡಿ.


ಬೆಟಗೇರಿ ಮಗ್ಗ:

ಎಲ್ಲವನ್ನೂ ಓದಿದೆ. ಜಪಾನ್ ಚಹಾದ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಹಾಗೇ ಇದೆ. ಆದರೆ ಮೇಳಕ್ಕೆ ನಾನೂ ವಿರೋಧಿ, ಅದಕ್ಕೆ ಗದಗಿನವನಾಗಿ ಒಂದು ಕಾರಣ ಕೊಡ್ತೀನಿ.

ಹಿಂದೂಸ್ತಾನಿ ಸಂಗೀತ ಈ ಮಣ್ಣಿನದಲ್ಲ. ಅಬ್ದುಲ್ ಕರೀಂ ಖಾನರು ಉತ್ತರದ ಕೈರಾನಾದವರು. ಅವರ ಹತ್ತಿರ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. 1930ರ ದಶಕದಲ್ಲಿ ಗದಗಿನ ಭೀಮಸೇನ ಜೋಶಿ ಕುಂದಗೋಳಕ್ಕೆ ಹೋಗಿ ಗುರುಗಳ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಬರುತ್ತಿದ್ದರು. ನಮ್ಮ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಬೇರೆ ಊರಿನ ವಿದ್ಯೆ ನಮ್ಮದಾದದ್ದು ಹೀಗೆ. ಒಂದು ದಿನ ಶಾಮಿಯಾನ ಹಾಕಿದ್ದರಿಂದ ಅಲ್ಲ. ಕಲಿಸುವವರಿಗೆ ನೆಲೆ, ಕಲಿಯುವವರಿಗೆ ಅನ್ನ, ಇಷ್ಟನ್ನು ಊರು ನೋಡಿಕೊಂಡಿತು.

ಹಾಗಾಗಿ ದತ್ತಿ ಇಡಿ ಟೀಚರ್. ಧಾರವಾಡದಲ್ಲಿದ್ದು ನಿಮಗೆ ಹೇಳಿಕೊಡಬೇಕಾ? 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದಲ್ಲಿ ತಂದೆ ತಾಯಿ ಹೆಸರಲ್ಲಿ ಜನ ದತ್ತಿ ಇಡುತ್ತಾರೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಅದೇ ಲೆಕ್ಕ. ಒಂದು ಲಕ್ಷಕ್ಕೆ 7% ಬಡ್ಡಿ ಸಿಕ್ಕರೆ 7 ಸಾವಿರ, ನಿಮ್ಮ ಒಂದು ತಿಂಗಳ ಖರ್ಚು. ಹನ್ನೆರಡು ಮನೆ, ಹನ್ನೆರಡು ತಿಂಗಳು. ಪ್ರತಿ ತಿಂಗಳು ಒಬ್ಬೊಬ್ಬರ ಅವ್ವ-ಅಪ್ಪನ ಹೆಸರು ಹೇಳಿ ಶುರು ಮಾಡಿ. ಫೋಟೊ ಬೇಕಾದವರಿಗೆ ಅದಕ್ಕಿಂತ ಒಳ್ಳೇ ಫೋಟೊ ಯಾವುದು?


ಲೆಕ್ಕದ ಪುಸ್ತಕ:

ದತ್ತಿ ಒಳ್ಳೇ ದಾರಿ, ಒಪ್ಪಿದೆ. ಆದರೆ ಬಡ್ಡಿ ಪೂರ್ತಿ ಖರ್ಚು ಮಾಡಬೇಡಿ. ಇವತ್ತಿನ 7 ಸಾವಿರ ಇನ್ನು ಹದಿನೈದು ವರ್ಷಕ್ಕೆ ಚಹಾಕ್ಕೂ ಸಾಲೋದಿಲ್ಲ. ಹಳೇ ದತ್ತಿಗಳೆಲ್ಲ ಸೊರಗಿದ್ದು ಹೀಗೆಯೇ. ಐದು ಸಾವಿರದಲ್ಲಿ ಕಾರ್ಯಕ್ರಮ ಮುಗಿಸಿ, ಉಳಿದದ್ದನ್ನು ಮೂಲಧನಕ್ಕೆ ಸೇರಿಸಿ. ಠೇವಣಿ ಒಬ್ಬರ ಹೆಸರಲ್ಲಿ ಬೇಡ. ಸಂಘ ನೋಂದಾಯಿಸಿ ಅದರ ಖಾತೆಯಲ್ಲಿಡಿ, ಇಬ್ಬರ ಸಹಿ ಇರಲಿ.


ದುರ್ಗದಬೈಲ್ ವ್ಯಾಪಾರಿ:

ಒಂದು ದತ್ತಿ ನನ್ನದು, ನಮ್ಮ ಅವ್ವನ ಹೆಸರಲ್ಲಿ. ಆದರೆ ಷರತ್ತು ಇದೆ. ವರ್ಷಕ್ಕೆ ಒಂದು ತಿಂಗಳಾದರೂ ಹುಬ್ಬಳ್ಳಿಯಲ್ಲಿ ಮಾಡಬೇಕು. ಮಗಳು ಕೊರಿಯಾ ಅನ್ನುತ್ತಿದ್ದಾಳೆ, ನಾನು ಟಿಬೆಟ್ ಬಸ್ ಅನ್ನುತ್ತಿದ್ದೇನೆ. ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.


ಬ್ಯಾಡಗಿ ಖಾರ:

ಹಾವೇರಿ ಜಿಲ್ಲೆಗೂ ಎರಡು ತಿಂಗಳು ಬರೆದುಕೊಳ್ಳಿ. ಇಲ್ಲಿ ಒಂದು ಲಕ್ಷ ಕೊಡುವ ಒಬ್ಬರು ಸಿಗೋದು ಕಷ್ಟ, ಆದರೆ ಹತ್ತು ಮಂದಿ ಹತ್ತು ಹತ್ತು ಸಾವಿರ ಹಾಕಬಹುದು. ಅದೂ ದತ್ತಿ ಆಗುತ್ತಾ?


ಮಾಳಮಡ್ಡಿ ಟೀಚರ್:

ಖಂಡಿತ ಆಗುತ್ತೆ. ಊರಿನ ಹೆಸರಲ್ಲೇ ಇಡೋಣ.

ಸರಿ, ಮೇಳದ ವಿಚಾರ ಇಲ್ಲಿಗೆ ಕೈಬಿಟ್ಟೆ. ಮೊದಲ ಮೂರು ತಿಂಗಳು ನಾವು ಕೆಲವರು ಕೈಯಿಂದ ಹಾಕಿ ನಡೆಸುತ್ತೇವೆ, ಅಷ್ಟರಲ್ಲಿ ಸಂಘದ ನೋಂದಣಿ ಆಗಲಿ. ಲೆಕ್ಕದ ಪುಸ್ತಕದವರು ಕಾಗದ ಪತ್ರ ನೋಡಿಕೊಡಬೇಕು, ಇಲ್ಲ ಅನ್ನಬೇಡಿ. ಮುಂದಿನ ತಿಂಗಳು ಮೆಕ್ಸಿಕೊ ಗೋವಿನಜೋಳ, ಬ್ಯಾಡಗಿ ಹತ್ತಿರದ ಒಂದು ಅರಿವು ಕೇಂದ್ರದಲ್ಲಿ. ಕವಂಡಿಗೆ ಮಾತ್ರ ನಾಲ್ಕು ಭಾನುವಾರ ಬಿಡುತ್ತೇವೆ, ಒಂದರಲ್ಲಿ ಮುಗಿಸುವುದಿಲ್ಲ.

ಬೆಟಗೇರಿ ಅಣ್ಣಾ, ಗೀಗೀ ಪದದವರ ಫೋನ್ ನಂಬರ್ ಇದ್ದರೆ ನನಗೆ ಖಾಸಗಿಯಾಗಿ ಕಳಿಸಿ. ಮೆಕ್ಸಿಕೊದಲ್ಲೂ ಸುದ್ದಿಯನ್ನೇ ಹಾಡು ಕಟ್ಟಿ ಸಂತೆಯಲ್ಲಿ ಹಾಡುವ ಪದ್ಧತಿ ಇತ್ತು, ಕೊರಿದೊ ಅಂತ. ಇಬ್ಬರದನ್ನೂ ಒಂದೇ ಸಂಜೆ ಕೇಳಿಸೋಣ.


ಬೆಟಗೇರಿ ಮಗ್ಗ:

ಕಳಿಸಿದೆ. ಗೀಗೀ ಮೇಳದವರು ಒಟ್ಟು ಮೂವರು, ದಪ್ಪು-ತುಂತುಣಿ ಅವರೇ ತರುತ್ತಾರೆ. ರಾತ್ರಿ ಹತ್ತರ ಬಸ್ಸಿಗೆ ಬಿಡಬೇಕು, ಅಷ್ಟು ನೋಡಿಕೊಳ್ಳಿ.